ಸಿಡಿಲು ಹೊಡೆದ ಮೇಲೆ ಬರೆದ ಪುಸ್ತಕ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ಖರೀದಿ, ಗೊಬ್ಬರ ಮಾರಾಟ ಮಾಡುವ ಒಂದು ಸಂಸ್ಥೆಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ಸರ್ವರ್, 11 ಕಂಪ್ಯೂಟರ್, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ತೂಕದ ಯಂತ್ರಕ್ಕೆ ಜೋಡಿಸಿದ ಬಿಲ್ಲಿಂಗ್. ಇಷ್ಟೇ.

ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ ಬರುವ, ಮಳೆಗಾಲದ ಹೊಸ್ತಿಲೆಂದು ತುಳುನಾಡು ಎಣಿಸುವ ದಿನಕ್ಕೆ, ನಾಲ್ಕು ದಿನ ಇತ್ತು. ಸಂಜೆ ಮೋಡ ಕಟ್ಟಿತು, ಹತ್ತಿರದಲ್ಲೇ ಸಿಡಿಲು ಹೊಡೆಯಿತು. ಬೆಳಿಗ್ಗೆ ಬಂದು ನೋಡಿದರೆ ಸರ್ವರ್ ಸುಟ್ಟಿತ್ತು. ಬ್ಯಾಕಪ್ ದಿನಾ ಆಗುತ್ತಿತ್ತು. ಆದರೆ ಆ ಹಾರ್ಡ್ ಡಿಸ್ಕನ್ನು ಅದೇ ಸರ್ವರ್‌ಗೆ ಸಿಕ್ಕಿಸಿಯೇ ಇಟ್ಟಿದ್ದೆ. ಎರಡೂ ಒಟ್ಟಿಗೆ ಹೋದವು. ಯುಪಿಎಸ್‌ಗೆ ಏನೂ ಆಗಿರಲಿಲ್ಲ. ಆಫೀಸಿನಿಂದ ಗೋದಾಮಿಗೆ ಅಂಗಳದ ಮೇಲೆ ಎಳೆದಿದ್ದ ತಾಮ್ರದ ನೆಟ್‌ವರ್ಕ್ ಕೇಬಲ್ಲಿನಲ್ಲಿ ಸಿಡಿಲು ಒಳಗೆ ಬಂದಿತ್ತು.

ಆಡಿಟರ್ ಹತ್ತಿರ ಮಾರ್ಚ್ ಕೊನೆಯ ಲೆಕ್ಕದ ಒಂದು ಕಾಪಿ ಸಿಕ್ಕಿತು. ಉಳಿದ 50 ದಿನದ್ದನ್ನು ಚೀಟಿ ನೋಡಿ ನೋಡಿ ತುಂಬಿಸಿದೆವು. ಮೂರು ವಾರ ಹಿಡಿಯಿತು. ಚಾಲಿ ಅಡಿಕೆ (ಬಿಸಿಲಲ್ಲಿ ಒಣಗಿಸಿದ್ದು) ಹಾಕಿ ಹೋಗಿದ್ದ ರೈತರು ಹಣಕ್ಕೆ ಬಂದು ಸುಮ್ನೆ ಕೂತು ಹೋಗುತ್ತಿದ್ದರು. ಅವರ ಮುಖ ನನಗೆ ಈಗಲೂ ನೆನಪಿದೆ.

ಆಮೇಲೆ ನಾನು ಹೊಸ ಸಾಮಾನು ಕೊಳ್ಳಲು ಹೊರಡಲಿಲ್ಲ. ಒಂದು ನೋಟ್ ಪುಸ್ತಕ ಹಿಡಿದು ಪ್ರತಿ ಟೇಬಲ್ಲಿಗೆ ಹೋಗಿ ಎರಡು ಪ್ರಶ್ನೆ ಕೇಳಿದೆ. ಕಂಪ್ಯೂಟರ್ ಇಲ್ಲದೆ ಎಷ್ಟು ಹೊತ್ತು ಕೆಲಸ ನಡೆಯುತ್ತದೆ? ಎಷ್ಟು ಹೊತ್ತಿನ ಲೆಕ್ಕ ಹೋದರೆ ಮತ್ತೆ ಬರೆದು ತುಂಬಿಸಬಹುದು? ಮೊದಲನೆಯದಕ್ಕೆ ಆರ್‌ಟಿಒ, ಎರಡನೆಯದಕ್ಕೆ ಆರ್‌ಪಿಒ ಅಂತ ಹೆಸರು. ತೂಕದವರು, "ಅರ್ಧ ದಿನ ಕೈಯಲ್ಲಿ ಚೀಟಿ ಬರೆಯಬಹುದು, ಅದಕ್ಕಿಂತ ಜಾಸ್ತಿ ಆದರೆ ರೈತರು ಗಾಡಿ ತಿರುಗಿಸುತ್ತಾರೆ" ಎಂದರು. ಲೆಕ್ಕದವರಿಗೆ ಎರಡು ದಿನ. ಈಮೇಲ್ ಒಂದು ವಾರ ಇಲ್ಲದಿದ್ದರೂ ಯಾರಿಗೂ ತೊಂದರೆ ಇಲ್ಲ.

ಈ ಉತ್ತರಗಳೇ ಮುಂದಿನದನ್ನೆಲ್ಲ ತೀರ್ಮಾನಿಸಿದವು. ಎಲ್ಲವನ್ನೂ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ದೂರದ ಕಂಪನಿಯೊಂದರ ಸರ್ವರ್‌ಗೆ, ಹಾಕಿದರೆ ಸಾಕು ಎಂದು ಹಲವರು ಹೇಳಿದ್ದರು. ನಮ್ಮದು 180 ಜಿಬಿ. ನಮ್ಮ ಇಂಟರ್ನೆಟ್ ಲೈನ್ 40 ಎಂಬಿಪಿಎಸ್. ಒಂದು ಕ್ಷಣವೂ ನಿಲ್ಲದೆ ಇಳಿದರೂ 10 ಗಂಟೆ ಬೇಕು. ಮಳೆಗಾಲದಲ್ಲಿ ಆ ಲೈನ್ ಇರುತ್ತದೆ ಎಂಬ ಧೈರ್ಯವೂ ಇಲ್ಲ, ಅಲ್ವಾ? ಅರ್ಧ ದಿನದ ಗಡುವಿಗೆ ಇದು ಆಗದು. ಹಾಗಾಗಿ ಒಟ್ಟು ಮೂರು ಕಾಪಿ ಇಟ್ಟೆವು. ಸರ್ವರಿನಲ್ಲಿ ಇರುವುದು ಒಂದು. ಹೊರಗಿನ ಡಿಸ್ಕಿನಲ್ಲಿ ಒಂದು. ಎರಡು ಡಿಸ್ಕ್ ಸರದಿಯ ಮೇಲೆ ಬರುತ್ತವೆ, ಕಾಪಿ ಆದ ಕೂಡಲೇ ಕಳಚಿ ಬೀರುವಿಗೆ ಹೋಗುತ್ತವೆ. ಮೂರನೆಯದು ಕ್ಲೌಡ್, ಕಟ್ಟಡವೇ ಹೋದರೆ ಅಂತ. ಡಿಸ್ಕ್ ಕಳಚುವುದು ಸಿಡಿಲಿಗೆ ಮಾತ್ರವಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೆ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಕೇರಳದ ಕೆಲವು ಪಂಚಾಯತು ಕಚೇರಿಗಳಿಗೂ ಬಂದಿತ್ತು.

ಗೋದಾಮಿಗೆ ಈಗ ಫೈಬರ್ ಕೇಬಲ್. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಖರ್ಚು ಮಾಡಿದ್ದರಲ್ಲಿ ನನಗೆ ಜಾಸ್ತಿ ಸಮಾಧಾನ ಕೊಟ್ಟದ್ದು ಇದೇ.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಹಳೆಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮರಳಿ ಕಟ್ಟಲು ಕೂತೆ. ಆಗಲಿಲ್ಲ. ಬ್ಯಾಕಪ್‌ನ ಪಾಸ್‌ವರ್ಡ್ ಬರೆದಿಟ್ಟ ಫೈಲ್ ಆ ಬ್ಯಾಕಪ್ ಒಳಗೇ ಇತ್ತು. ಎರಡನೇ ಸಲ, ಓಟಿಪಿ ಬರುವ ಫೋನ್ ಮ್ಯಾನೇಜರ್ ಕೈಯಲ್ಲಿತ್ತು, ಅವರು ರೇಂಜ್ ಇಲ್ಲದ ಜಾಗದಲ್ಲಿ ಮದುವೆಗೆ ಹೋಗಿದ್ದರು. ಮೂರನೇ ಸಲ 3 ಗಂಟೆ 20 ನಿಮಿಷದಲ್ಲಿ ತೂಕದ ಬಿಲ್ ಹೊರಗೆ ಬಂತು. ಪ್ರತಿ ಸಲ ಸಿಕ್ಕಿಹಾಕಿಕೊಂಡ ಜಾಗವನ್ನು ಪುಸ್ತಕದಲ್ಲಿ ಬರೆದೆ.

ಆ ಪುಸ್ತಕ ಕಾಗದದ್ದೇ. ಒಂದು ಪುಟ ಕನ್ನಡ, ಎದುರಿನ ಪುಟ ಮಲಯಾಳಂ, ಯಾಕೆಂದರೆ ರಾತ್ರಿ ಕಾವಲಿನವರಿಗೆ ಕನ್ನಡ ಓದಲು ಬರುವುದಿಲ್ಲ. ಯಾರಿಗೆ ಫೋನ್ ಮಾಡಬೇಕು, ಯಾವುದನ್ನು ಮೊದಲು ಎಬ್ಬಿಸಬೇಕು, ಲೈಸೆನ್ಸ್ ಕೀ ಎಲ್ಲಿದೆ, ಎಲ್ಲ ಇದೆ. ಪಾಸ್‌ವರ್ಡ್‌ಗಳು ಮಾತ್ರ ಮುಚ್ಚಿದ ಲಕೋಟೆಯಲ್ಲಿ, ತಿಜೋರಿಯಲ್ಲಿ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ 2022ರ ನಿಯಮವನ್ನೂ ಕೊನೆಯಲ್ಲಿ ಸೇರಿಸಿದೆ.

ವರ್ಷಕ್ಕೆ ಎರಡು ಸಲ ಅಭ್ಯಾಸ ಮಾಡುತ್ತೇವೆ. ಪತ್ತನಾಜೆಗೆ ಮೊದಲು ಒಮ್ಮೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಗೆ ಮೊದಲು ಒಮ್ಮೆ. ಮುಂದಿನ ಸಲ ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಬಿಲ್ಲಿಂಗ್‌ನ ಹುಡುಗಿ ಪುಸ್ತಕ ನೋಡಿ ಮಾಡುತ್ತಾಳೆ, ನಾನು ಪಕ್ಕದಲ್ಲಿ ಗಡಿಯಾರ ನೋಡುತ್ತೇನೆ.