ಗುಂಗುರು ಕೂದಲಿಗೆ ಅಗಸೆ ಜೆಲ್: ಸೋಸುವ ಹೊತ್ತು ತಪ್ಪಿಸಬೇಡಿ

ಕಾಲು ಕಪ್ ಅಗಸೆ ಬೀಜಕ್ಕೆ 2 ಕಪ್ ನೀರು. ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಿರಿ. 7-8 ನಿಮಿಷಕ್ಕೆ ಬಿಳಿ ನೊರೆ ಬರುತ್ತದೆ. ಸೌಟೆತ್ತಿದರೆ ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗಿ ಇಳಿಯಬೇಕು. ಆಗಲೇ ಒಲೆಯಿಂದ ಇಳಿಸಿ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿತೋ, ಬೀಜಕ್ಕೇ ಅಂಟಿಕೊಂಡು ಸೋಸಲು ಬರುವುದಿಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಹಚ್ಚಬೇಕಾದದ್ದು ನೀರು ತೊಟ್ಟಿಕ್ಕುತ್ತಿರುವ ಕೂದಲಿಗೆ. ಕಂಡೀಷನರ್ ಇರುವಾಗಲೇ ಸಿಕ್ಕು ಬಿಡಿಸಿ, ತೊಳೆದು, ಜೆಲ್ ಸವರಿ, ತುದಿಯಿಂದ ಬುಡದತ್ತ ಮುಷ್ಟಿಯಲ್ಲಿ ಹಿಸುಕಿ. ಅರ್ಧ ಒಣಗಿದ ಮೇಲೆ ಹಚ್ಚಿದರೆ ಬಿಳಿ ಪುಡಿ ಉದುರುತ್ತದೆ. ಅದು ತಲೆಹೊಟ್ಟಲ್ಲ, ಹೆದರಬೇಡಿ. ಪೂರ್ತಿ ಒಣಗುವವರೆಗೆ ದಯವಿಟ್ಟು ಮುಟ್ಟಬೇಡಿ, ಸುರುಳಿ ಬಿಚ್ಚಿ ಕೆದರುತ್ತದೆ. ಒಣಗಿದಾಗ ಗಡುಸಾಗಿರುತ್ತದೆ. 2 ಹನಿ ಕೊಬ್ಬರಿ ಎಣ್ಣೆ ಸವರಿದ ಅಂಗೈಯಲ್ಲಿ ಹಿಸುಕಿದರೆ ಮೆತ್ತಗಾಗುತ್ತದೆ.