ಫಾರಿನ್ನಲ್ಲಿ ಸಮುದ್ರದ ಹತ್ರ ಮನೆ ಮಾಡೋರು ಮೊದ್ಲು ಆಸ್ಪತ್ರೆ ನೋಡ್ರಿ

ದಾವಣಗೆರೆಲಿ ಬೆಳೆದೋರಿಗೆ ಸಮುದ್ರದ ಆಸೆ ಜಾಸ್ತಿನೇ, ಏಪ್ರಿಲ್ ಬಿಸ್ಲಲ್ಲಿ ಬೇಯ್ತಾ ಕೂತಾಗ ಯಾರಾದ್ರೂ ಮಲೇಷ್ಯಾದ ಪೆನಾಂಗ್ ಬೀಚಿನ ಫೋಟೊ ಕಳ್ಸಿದ್ರೆ ರಿಟೈರ್ ಆದ್ಮೇಲೆ ಅಲ್ಲೇ ಹೋಗಿ ಇದ್ಬಿಡಣ ಅನ್ಸುತ್ತೆ. ಹೋಗ್ರಿ, ತಪ್ಪೇನಿಲ್ಲ. ಆದ್ರೆ 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜ್ ಬಂದಾಗಿಂದ ನಮ್ಮೂರಲ್ಲಿ ಡಾಕ್ಟ್ರಿಗೆ ಬರ ಇಲ್ಲ, ನಡುರಾತ್ರಿ ಎದೆ ಹಿಡ್ಕಂಡ್ರೂ ಆಟೋ ಹತ್ತಿದ್ರೆ ಆಯ್ತು ಅನ್ನೋ ಧೈರ್ಯ ನಮಗೆ ರೂಢಿ ಆಗೋಗೈತೆ. ಅಲ್ಲಿ ಆ ಧೈರ್ಯಾನ ನಾವೇ ಹುಡುಕ್ಕೋಬೇಕು. ಅದಕ್ಕೇ ಮ್ಯಾಪಲ್ಲಿ ಮೊದ್ಲು 24 ಗಂಟೆ ಎಮರ್ಜೆನ್ಸಿ, ಕ್ಯಾಥ್ ಲ್ಯಾಬ್ (ಹಾರ್ಟ್ ಬ್ಲಾಕ್ ನೋಡಿ ಸ್ಟೆಂಟ್ ಹಾಕೋ ಜಾಗ) ಇರೋ ಆಸ್ಪತ್ರೆ ಗುರುತು ಮಾಡಿ, ಅಲ್ಲಿಂದ ಸಮುದ್ರದ ಕಡೆ ಬರ್ರಿ.

ಪೆನಾಂಗೇ ತಗೊಳ್ರಿ. ದೊಡ್ಡ ಪ್ರೈವೇಟ್ ಆಸ್ಪತ್ರೆಗಳು ಅಲ್ಲಿನ ಮುಖ್ಯ ಊರು ಜಾರ್ಜ್ ಟೌನ್ ಕಡೆ, ಇಂಡೋನೇಷ್ಯಾದಿಂದ ಜನ ಟ್ರೀಟ್ಮೆಂಟಿಗೆ ಅಲ್ಲಿಗೇ ಬರ್ತಾರೆ, ಇಂಗ್ಲಿಷ್ ನಡಿಯುತ್ತೆ, ತಮಿಳು ಬಂದ್ರಂತೂ ಇನ್ನೂ ಆರಾಮ. ಎಲ್ರೂ ಹೇಳೋ ಬೀಚ್ ಬಟು ಫೆರಿಂಘಿ, ಆದ್ರೆ ಅಲ್ಲಿಂದ ಟೌನಿಗೆ ಗುಡ್ಡದ ಪಕ್ಕ ತಿರುವಿನ ರಸ್ತೆ. ವಯಸ್ಸಾದೋರು ನಡುವೆ ಸಿಗೋ ತಂಜುಂಗ್ ಟೋಕಾಂಗಲ್ಲಿ ಬಾಡಿಗೆಗೆ ನೋಡೋದು ವಾಸಿ, ಸಮುದ್ರ ಅಲ್ಲೂ ಐತೆ.

ಥಾಯ್ಲೆಂಡಲ್ಲಿ 50 ದಾಟಿದೋರಿಗೆ ರಿಟೈರ್ಮೆಂಟ್ ವೀಸಾ ಐತೆ, ಬ್ಯಾಂಕಲ್ಲಿ 8 ಲಕ್ಷ ಬಾತ್ (ಅಲ್ಲಿನ ದುಡ್ಡು) ಇಲ್ಲಾಂದ್ರೆ ತಿಂಗ್ಳಿಗೆ 65,000 ಬಾತ್ ಆದಾಯ ತೋರಿಸ್ಬೇಕು. ಪೋರ್ಚುಗಲ್ಲಿಗೆ ಪೆನ್ಷನ್, ಬಾಡಿಗೆ ಆದಾಯ ಇರೋರು ಡಿ7 ವೀಸಾ ಹಾಕ್ತಾರೆ, ರೆಸಿಡೆನ್ಸ್ ಕಾರ್ಡ್ ಬಂದ್ಮೇಲೆ ಸರ್ಕಾರಿ ಆಸ್ಪತ್ರೆಲಿ ಹೆಸರು ನೋಂದಾಯಿಸ್ಬಹುದು, ಆದ್ರೆ ಫ್ಯಾಮಿಲಿ ಡಾಕ್ಟರ್ ಸಿಗೋಕೆ ಕಾಯ್ಬೇಕಾಗುತ್ತೆ, ಅಟ್ಲಾಂಟಿಕ್ ನೀರು ಬೇಸಿಗೇಲೂ ಥಂಡಿ.

ಮಾತ್ರೆ ವಿಷ್ಯ ಮಾತ್ರ ದಯವಿಟ್ಟು ಹಗುರಾಗಿ ತಗೋಬೇಡ್ರಿ. ಅಮ್ಮನ ಜೊತೆ ಫಾರಿನ್ನಿಗೆ ಹೋದಾಗ ಬಿಪಿ ಮಾತ್ರೆ ಖಾಲಿ ಆಗ್ತಾ ಬಂತು, ಅಮ್ಮ ದಿನಾ ಕತ್ರಿಲಿ ಒಂದೊಂದೇ ಕತ್ತರಿಸ್ಕಂಡು ಸ್ಟ್ರಿಪ್ಪಲ್ಲಿ ಕೊನೇ ಎರಡು ಮಾತ್ರೆ ಉಳಿದಿದ್ವು, ಹೆಸರಿದ್ದ ಭಾಗ ಯಾವಾಗ್ಲೋ ಕಸಕ್ಕೆ ಹೋಗಿತ್ತು. ಫಾರ್ಮಸಿಯೋಳು ಆ ತುಂಡನ್ನ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ಲು, ‘ಪಿನ್’ ಅನ್ನೋ ಅಷ್ಟೇ ಅಕ್ಷರ ಕಾಣ್ತಿತ್ತು. ಊರಿಗೆ ಫೋನ್ ಮಾಡಿ ಚೀಟಿ ಫೋಟೊ ತರಿಸಿದ್ಮೇಲೆ ಅಮ್ಲೊಡಿಪಿನ್ ಅಂತ ಗೊತ್ತಾಯ್ತು. ನಮ್ಮ ಬ್ರಾಂಡ್ ಹೆಸರು ಹೊರಗಡೆ ನಡಿಯಲ್ಲ, ಒಳಗಿರೋ ಔಷಧಿ ಹೆಸರು, ಎಷ್ಟು ಎಂಜಿ ಅಂತ ಡಾಕ್ಟ್ರ ಹತ್ರ ಬರೆಸ್ಕಂಡೇ ಹೊರಡ್ರಿ.

ಇಲ್ಲಿನ ಹೆಲ್ತ್ ಪಾಲಿಸಿ ಹೆಚ್ಚಾಗಿ ದೇಶದ ಒಳಗೆ ಅಷ್ಟೇ. ಅಲ್ಲಿ ಹೊಸದು ತಗೊಳೋವಾಗ ಈಗಾಗ್ಲೇ ಇರೋ ಶುಗರ್, ಬಿಪಿ ಕವರ್ ಆಗುತ್ತಾ ಅಂತ ಬರವಣಿಗೇಲೇ ಕೇಳ್ರಿ.

ಮನೆ ಕೊಳ್ಳೋಕೆ ಮುಂಚೆ ಬಾಡಿಗೆಗೆ ಒಂದ್ ತಿಂಗ್ಳು ಇರ್ರಿ, ಅದೂ ಮಳೆಗಾಲದಲ್ಲಿ, ಥಾಯ್ಲೆಂಡಿನ ಪುಕೆಟ್ ಆದ್ರೆ ಮೇಯಿಂದ ಅಕ್ಟೋಬರ್ ಒಳಗೆ. ಒಂದಿನ ರಾತ್ರಿ ಮಳೆ ಹೊಯ್ಯೋವಾಗ್ಲೇ ಟ್ಯಾಕ್ಸಿ ಕರೆದು ಆಸ್ಪತ್ರೆ ಗೇಟ್ ತನಕ ಹೋಗಿ ಎಷ್ಟು ನಿಮಿಷ ಆಯ್ತು ಅಂತ ಬರ್ಕಳ್ರಿ.