ಗಡಿ ಪಕ್ಕದ ಕೆನಡಾ: ನಾವು ವಿಂಡ್ಸರ್ ಆರಿಸಿಕೊಂಡದ್ದು ಹೇಗೆ

ಕೆನಡಾಕ್ಕೆ ಹೋಗೋದು ಅಂತ ತೀರ್ಮಾನ ಮಾಡೋಕೆ ನಮಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. 2019ರಲ್ಲಿ ಅಮೆರಿಕದ ಇಬಿ-2 ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತೀಯರ ಸರದಿ ಇನ್ನೂ 2009ರ ಅರ್ಜಿಗಳ ಹತ್ತಿರವೇ ನಿಂತಿತ್ತು. ನನ್ನದು 2015ರ ಅರ್ಜಿ. ದೊಡ್ಡ ಮಗಳಿಗೆ ಆಗಲೇ ಹದಿನೈದು ವರ್ಷ. ಇಪ್ಪತ್ತೊಂದು ತುಂಬಿದರೆ ನನ್ನ ಕೆಲಸದ ವೀಸಾದ ಮೇಲೆ ಅವಳಿಗಿದ್ದ ಎಚ್-4 ವೀಸಾ ಮುಗಿಯಿತು, ಆಮೇಲೆ ಅವಳ ದಾರಿ ಅವಳು ನೋಡಿಕೊಳ್ಳಬೇಕು. ಕೆನಡಾದ ವಲಸೆ ಪದ್ಧತಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಿದೆವು, ಪಿಆರ್ ಅಂದರೆ ಕಾಯಂ ವಾಸದ ಅನುಮತಿ ಬಂತು. ಚರ್ಚೆ ಶುರುವಾದದ್ದು ಆಮೇಲೆ. ಕೆನಡಾ ಸರಿ, ಯಾವ ಊರು?

ನನ್ನ ಕೆಲಸ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ, ಕಾರಿನ ಸಾಫ್ಟ್‌ವೇರ್. ದಿನಾ ಆಫೀಸಿಗೆ ಬರೋದಾದರೆ ಎಲ್ಲಿ ಬೇಕಾದರೂ ಮನೆ ಮಾಡಿ, ನಿಮ್ಮ ಕೆಲಸದ ವೀಸಾ ಎಚ್-1ಬಿ ಮುಂದುವರಿಸುತ್ತೇವೆ ಅಂತ ಕಂಪನಿ ಹೇಳಿತ್ತು. ಇವರು, ಅಂದರೆ ನನ್ನ ಗಂಡ, ಮೋಲ್ಡ್ ಡಿಸೈನರ್, ಕಾರ್ಖಾನೆಯ ಅಚ್ಚುಗಳ ವಿನ್ಯಾಸ ಮಾಡುವವರು. ಬೆಂಗಳೂರಿನ ಪೀಣ್ಯದ ಟೂಲ್ ರೂಮ್‌ನಲ್ಲಿ ಕೆಲಸ ಕಲಿತವರು. ಹೀಗಾಗಿ ಗಡಿ ಪಕ್ಕದ ಊರುಗಳನ್ನೇ ನೋಡಲು ಶುರುಮಾಡಿದೆವು. ನಮ್ಮ ಪಿಆರ್ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ದಾರಿಯಲ್ಲಿ ಬಂದದ್ದು, ಕ್ವಿಬೆಕ್ ಒಂದನ್ನು ಬಿಟ್ಟರೆ ಯಾವ ಪ್ರಾಂತ್ಯದ ಹಂಗೂ ಇರಲಿಲ್ಲ. ಪ್ರಾಂತ್ಯದ ನಾಮಿನೇಷನ್‌ನಿಂದ 600 ಅಂಕ ಪಡೆದು ಬರುವವರ ಕಥೆ ಬೇರೆ. ಅವರು ಆ ಪ್ರಾಂತ್ಯದಲ್ಲೇ ನೆಲೆಸುವ ಉದ್ದೇಶ ಇಟ್ಟುಕೊಂಡು ಬರಬೇಕು. ಹಾಗಿರುವಾಗ ಊರು ಹುಡುಕುವ ವಿಸ್ತಾರವೂ ಕಡಿಮೆಯಾಗುತ್ತದೆ.

ಗಡಿ ಹತ್ತಿರ ಇದ್ದರೆ ಮನಸ್ಸಾದಾಗ ಅಮೆರಿಕಕ್ಕೆ ಹೋಗಿಬರಬಹುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರೆಗೆ ಆ ಮಾತು ನಡೆಯುವುದಿಲ್ಲ. ಕೆನಡಾದ ಪಿಆರ್ ಕಾರ್ಡ್ ತೋರಿಸಿದರೆ ಅಮೆರಿಕ ಒಳಗೆ ಬಿಡುವುದಿಲ್ಲ, ಮನೆಯ ಪ್ರತಿಯೊಬ್ಬರಿಗೂ ಅಮೆರಿಕದ ವೀಸಾ ಬೇಕು. ನೆಕ್ಸಸ್ ಕಾರ್ಡ್ ಪಿಆರ್ ಇರುವವರಿಗೂ ಸಿಗುತ್ತದೆ, ಆದರೆ ಅದು ಸಾಲು ಕಡಿಮೆ ಮಾಡುತ್ತದೆ ಅಷ್ಟೆ, ವೀಸಾ ಬದಲಿಗೆ ನಡೆಯುವುದಿಲ್ಲ. ಇನ್ನು ಕೆನಡಾದವರು ಸುಲಭವಾಗಿ ಕೆಲಸಕ್ಕೆ ಹೋಗುವ ಟಿಎನ್ ದಾರಿ ಇದೆಯಲ್ಲ, ಅದು ಕೆನಡಾದ ಪೌರರಿಗೆ ಮಾತ್ರ. ಇದನ್ನು ಮೊದಲೇ ತಿಳಿದುಕೊಳ್ಳದೆ "ಬಫೆಲೋ ಪಕ್ಕ ಮನೆ ಮಾಡಿ ಬಫೆಲೋದಲ್ಲಿ ಕೆಲಸ ಹುಡುಕ್ತೀನಿ" ಅನ್ನುವವರ ಫೋನ್ ನನಗೆ ಈಗಲೂ ಬರುತ್ತದೆ.

ನಮ್ಮ ಪಟ್ಟಿಯಲ್ಲಿ ಮೂರು ಕಡೆ ಉಳಿದವು. ಬ್ರಿಟಿಷ್ ಕೊಲಂಬಿಯಾದ ಸರ್ರಿ ಮೊದಲನೆಯದು. ಪೀಸ್ ಆರ್ಚ್ ದಾಟಿದರೆ ವಾಷಿಂಗ್ಟನ್ ರಾಜ್ಯ, ಸಿಯಾಟಲ್ ಕಡೆ ನನ್ನ ಕೆಲಸಕ್ಕೆ ಬೇಡಿಕೆಯೂ ಇದೆ. ಆದರೆ ಈಗಿರುವ ಕೆಲಸ ಬಿಟ್ಟು ಹೊಸದು ಹಿಡಿಯಬೇಕು, ಎಚ್-1ಬಿ ಬೇರೆ ಕಂಪನಿಗೆ ಹೋಗಬೇಕು, ಮನೆ ಬಾಡಿಗೆ ಕೇಳಿದರೆ ತಲೆ ಸುತ್ತುತ್ತದೆ. ಅಲ್ಲಿಗೆ ಬಿಟ್ಟೆವು. ಎರಡನೆಯದು ನಯಾಗರಾ ಕಡೆ, ಫೋರ್ಟ್ ಈರಿ ಮತ್ತು ಸೇಂಟ್ ಕ್ಯಾಥರೀನ್ಸ್. ಟೊರೊಂಟೊ ಹತ್ತಿರ, ಪೀಸ್ ಬ್ರಿಡ್ಜ್ ದಾಟಿದರೆ ಬಫೆಲೋ. ಊರು ಚೆನ್ನಾಗಿದೆ. ಆದರೆ ಈರಿ ಸರೋವರದ ಮೇಲಿಂದ ಬರುವ ಹಿಮ ಸುಮ್ನೆ ಅಲ್ಲ. ಆಮೇಲೆ 2022ರ ಕ್ರಿಸ್‌ಮಸ್ ಹೊತ್ತಿಗೆ ಕ್ರಿಸ್ಟಲ್ ಬೀಚ್ ಕಡೆ ಮನೆಗಳೇ ಮಂಜುಗಡ್ಡೆಯ ಮುದ್ದೆಯಾಗಿದ್ದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ನಮ್ಮಿಬ್ಬರ ಕೆಲಸಕ್ಕೂ ಅಲ್ಲಿ ನೇರ ಸಂಬಂಧ ಇರಲಿಲ್ಲ.

ಉಳಿದದ್ದು ಒಂಟಾರಿಯೊ ಪ್ರಾಂತ್ಯದ ವಿಂಡ್ಸರ್. ನಕ್ಷೆ ನೋಡಿದರೆ ನಗು ಬರುತ್ತದೆ, ಇಲ್ಲಿಂದ ಅಮೆರಿಕಕ್ಕೆ ಹೋಗಬೇಕಾದರೆ ಉತ್ತರಕ್ಕೆ ಹೋಗಬೇಕು. ನದಿಯ ಆಚೆ ದಡದಲ್ಲಿ ಡೆಟ್ರಾಯಿಟ್. 1929ರ ಅಂಬಾಸಡರ್ ಬ್ರಿಡ್ಜ್ ಒಂದು, 1930ರ ಸುರಂಗ ಇನ್ನೊಂದು. ಮೂರನೆಯದಾಗಿ ಗೋರ್ಡಿ ಹೋವ್ ಸೇತುವೆಯ ಕೆಲಸ 2018ರಲ್ಲೇ ಶುರುವಾಗಿತ್ತು. ಡಿಯರ್‌ಬಾರ್ನ್ ಆಫೀಸಿಗೆ, ಗಡಿಯಲ್ಲಿ ಸಾಲು ಇಲ್ಲದಿದ್ದರೆ, ಅರ್ಧ ಗಂಟೆಯೊಳಗೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ನೋಡಿ ಬಂದವರಿಗೆ ಇದೇನು ದೊಡ್ಡದು, ಅಲ್ವಾ?

ಇವರು ಮಾತ್ರ ಒಂದೇ ಪ್ರಶ್ನೆ ಹಿಡಿದು ಕೂತರು. "ನಾಳೆ ಆ ಸೇತುವೆ ಮುಚ್ಚಿದರೆ ಈ ಊರಲ್ಲಿ ನಾವು ಊಟ ಮಾಡ್ತೀವಾ?" ನನಗೆ ಆಗ ಅದು ಅತಿಯಾಯಿತು ಅನ್ನಿಸಿತು. ಅಮೆರಿಕ, ಕೆನಡಾ ನಡುವಿನ ಸೇತುವೆಯನ್ನು ಯಾರು ಮುಚ್ಚುತ್ತಾರೆ? ಆದರೂ ಆ ಪ್ರಶ್ನೆಯಿಂದಲೇ ಊರು ನಿಕ್ಕಿಯಾಯಿತು. ವಿಂಡ್ಸರ್ ಸುತ್ತಮುತ್ತ ಮೋಲ್ಡ್ ಮತ್ತು ಟೂಲ್ ಮಾಡುವ ಸಣ್ಣ ದೊಡ್ಡ ಶಾಪ್‌ಗಳು ಬೇಕಾದಷ್ಟಿವೆ. ಮಿನಿವ್ಯಾನ್ ಫ್ಯಾಕ್ಟರಿ, ಫೋರ್ಡ್ ಎಂಜಿನ್ ಫ್ಯಾಕ್ಟರಿ, ಅವುಗಳ ಬೆನ್ನಿಗೆ ಇವೆಲ್ಲ. ಇವರ ಕೆಲಸ ಈ ಕಡೆ, ನನ್ನ ಕೆಲಸ ಆ ಕಡೆ. ಬಾಡಿಗೆ, ಕಾರಿನ ಇನ್ಶೂರೆನ್ಸ್, ದಿನಸಿ ಲೆಕ್ಕ ಹಾಕಿ, ಇವರೊಬ್ಬರ ಸಂಬಳದಲ್ಲಿ ತಿಂಗಳು ತೂಗುತ್ತದಾ ಅಂತ ನೋಡಿದೆವು. ವಿಂಡ್ಸರ್‌ನಲ್ಲಿ ತೂಗುತ್ತಿತ್ತು. ಟೊರೊಂಟೊದಲ್ಲಿ ಆಗುತ್ತಿರಲಿಲ್ಲ.

ಊರಿನೊಳಗೆ ಎಲ್ಲಿ ಅನ್ನುವುದು ಇನ್ನೊಂದು ಕೆಲಸ. ಸೇತುವೆ ಹತ್ತಿರವೇ ಇರೋಣ ಅಂತ ಮೊದಲು ಪಶ್ಚಿಮದ ಸ್ಯಾಂಡ್‌ವಿಚ್ ಕಡೆ ಸುತ್ತಿದೆವು. ಅಲ್ಲಿ ಇಂಡಿಯನ್ ರೋಡ್ ಅಂತಲೇ ಒಂದು ರಸ್ತೆ ಇದೆ. ಹೆಸರು ನೋಡಿ ಖುಷಿಪಟ್ಟು ಹೋದರೆ, ಸೇತುವೆ ಪಕ್ಕದಲ್ಲಿ ಕಿಟಕಿಗೆ ಹಲಗೆ ಹೊಡೆದು ವರ್ಷಗಟ್ಟಲೆ ಖಾಲಿ ಬಿಟ್ಟ ಮನೆಗಳ ಸಾಲು. ಹ್ಯೂರಾನ್ ಚರ್ಚ್ ರೋಡಿನಲ್ಲಿ ಹಗಲು ರಾತ್ರಿ ಲಾರಿ. ಅಷ್ಟೇ ಅಲ್ಲ, ರಾತ್ರಿ ಒಂದು ಸದ್ದು. ದೂರದಲ್ಲಿ ಯಾರೋ ಲಾರಿಯ ಎಂಜಿನ್ ಆನ್ ಇಟ್ಟು ಮಲಗಿದ ಹಾಗೆ, ಕಿವಿಗಿಂತ ಎದೆಗೆ ಜಾಸ್ತಿ ತಾಗುವ ಗುಂಯ್‌ಗುಡುವಿಕೆ. ಊರಿನವರು ಅದನ್ನು ವಿಂಡ್ಸರ್ ಹಮ್ ಅನ್ನುತ್ತಾರೆ. ನದಿಯಾಚೆ ಜುಗ್ ಐಲ್ಯಾಂಡ್‌ನ ಉಕ್ಕಿನ ಕುಲುಮೆಗಳ ಕಡೆಯಿಂದ ಬರುತ್ತಿತ್ತು. 2020ರಲ್ಲಿ ಅಲ್ಲಿ ಕೆಲಸ ನಿಂತ ಮೇಲೆ ಸದ್ದೂ ನಿಂತಿತು. ನಾವು ಬಂದಾಗ ಇನ್ನೂ ಇತ್ತು. ಹಗಲು ಮನೆ ನೋಡಿದವರಿಗೆ ಇದೆಲ್ಲ ಗೊತ್ತಾಗುವುದಿಲ್ಲ. ರಾತ್ರಿ ಹತ್ತರ ಮೇಲೆ ಹೋಗಿ, ಕಾರು ಆಫ್ ಮಾಡಿ ಕೂತುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊನೆಗೆ ಸೌತ್ ವಿಂಡ್ಸರ್‌ನಲ್ಲಿ ಬಾಡಿಗೆಗೆ ಹಿಡಿದೆವು. ಸೇತುವೆಗೆ ಹತ್ತು ನಿಮಿಷ ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ. ಒಂದು ಚಳಿಗಾಲ ಕಳೆಯುವವರೆಗೆ ಮನೆ ಕೊಳ್ಳುವ ಮಾತೇ ಎತ್ತಲಿಲ್ಲ.

ನದಿ ದಡದ ಮನೆಗಳಲ್ಲಿ ಇನ್ನೊಂದು ತಮಾಷೆ ಇದೆ. ಮೊಬೈಲ್ ಅಮೆರಿಕದ ಟವರ್ ಹಿಡಿದುಬಿಡುತ್ತದೆ. ಸ್ವಂತ ಹಾಲ್‌ನಲ್ಲಿ ಕೂತು ರೋಮಿಂಗ್ ಬಿಲ್ ಕಟ್ಟಿದ ಗೆಳತಿ ಒಬ್ಬಳಿದ್ದಾಳೆ.

ಸಾಮಾನು ದಾಟಿಸುವ ವಿಷಯ. ಪಿಆರ್ ಆಗಿ ಮೊದಲ ಸಲ ಒಳಗೆ ಬರುವಾಗ ನಿಮ್ಮ ಹತ್ತಿರ ಏನೇನಿದೆ, ಬೆಲೆ ಎಷ್ಟು, ಆಮೇಲೆ ಏನೇನು ಬರಲಿದೆ ಅಂತ ಎರಡು ಪಟ್ಟಿ ಕೊಡಬೇಕು. ಬಳಸಿದ ಸಾಮಾನಿಗೆ ಸುಂಕ ಇಲ್ಲ. ನಮ್ಮ ಪಟ್ಟಿಯಲ್ಲಿ ಸೋಫಾ, ಮಂಚದ ಜೊತೆಗೆ ಟಿಲ್ಟಿಂಗ್ ಗ್ರೈಂಡರ್, ಇಡ್ಲಿ ಪಾತ್ರೆ, ಅಕ್ಕಿರೊಟ್ಟಿ ಕಾವಲಿ, ದೇವರ ಬೆಳ್ಳಿ ದೀಪ ಎಲ್ಲ ಇತ್ತು. ಚಿನ್ನಕ್ಕೆ ಮಾತ್ರ ಒಂದೊಂದರ ಫೋಟೋ ತೆಗೆದು, ಅಂಗಡಿಯಲ್ಲಿ ಬೆಲೆ ಕಟ್ಟಿಸಿ ಬರೆಸಿದ್ದೆ. ಅಂಬಾಸಡರ್ ಬ್ರಿಡ್ಜ್‌ನ ಕೌಂಟರ್‌ನಲ್ಲಿದ್ದ ಅಧಿಕಾರಿ ಪುಟ ತಿರುಗಿಸುತ್ತಾ ಮಾಂಗಲ್ಯದ ಫೋಟೋ ನೋಡಿದರು, ನನ್ನ ಕತ್ತು ನೋಡಿದರು, ಟಿಕ್ ಹಾಕಿದರು. ಆ ಪಟ್ಟಿಯ ಸೀಲ್ ಹಾಕಿದ ಪ್ರತಿ ಜೋಪಾನ. ಮುಂದೆ ಒಡವೆ ಹಾಕಿಕೊಂಡು ಊರಿಗೆ ಹೋಗಿ ಬಂದಾಗ, ಇದು ಹೊಸದಾಗಿ ಕೊಂಡದ್ದಲ್ಲ ಅಂತ ತೋರಿಸಲು ಅದೇ ಆಧಾರ.

ಕಾರು ತರುವುದು ಸ್ವಲ್ಪ ತಲೆನೋವು. ದಾಟಿಸುವ 72 ಗಂಟೆ ಮೊದಲೇ ಅಮೆರಿಕದ ಕಸ್ಟಮ್ಸ್‌ಗೆ ರಫ್ತು ಮಾಹಿತಿ ಹೋಗಿರಬೇಕು. ಕಂಪನಿಯಿಂದ ರೀಕಾಲ್ ಏನೂ ಬಾಕಿ ಇಲ್ಲ ಅನ್ನುವ ಪತ್ರ ಬೇಕು. ಈ ಕಡೆ ಬಂದ ಮೇಲೆ 45 ದಿನದೊಳಗೆ ಆರ್‌ಐವಿ, ಅಂದರೆ ಹೊರಗಿನಿಂದ ತಂದ ಕಾರಿನ ನೋಂದಣಿಯ ತಪಾಸಣೆ, ಅದು ಕೆನೇಡಿಯನ್ ಟೈರ್ ಅಂಗಡಿಯಲ್ಲಿ ಆಗುತ್ತದೆ. ನಮ್ಮದು ಹಳೇ ಕಾರು, ಹತ್ತು ಸಾವಿರ ಡಾಲರ್ ಒಳಗಿನದು, ಸುಂಕದ ಗೊಡವೆ ಬರಲಿಲ್ಲ.

ಇಲ್ಲಿ ನೆಲೆಸಿ ಅಲ್ಲಿ ದುಡಿಯುವವರಿಗೆ ನಿಜವಾದ ಲೆಕ್ಕ ಇರುವುದು ತೆರಿಗೆಯಲ್ಲಿ. ಕೆನಡಾದ ನಿವಾಸಿಯಾದ ಮೇಲೆ ಪ್ರಪಂಚದ ಎಲ್ಲಿ ದುಡಿದರೂ ಇಲ್ಲಿ ತೋರಿಸಬೇಕು. ಅಮೆರಿಕ ಸಂಬಳದಲ್ಲೇ ಹಿಡಿದುಕೊಂಡ ತೆರಿಗೆಯನ್ನು ಇಲ್ಲಿ ಕಳೆಯುತ್ತಾರೆ, ಆದರೆ ಒಂಟಾರಿಯೊದ ದರ ಜಾಸ್ತಿ. ಏಪ್ರಿಲ್ 30ರೊಳಗೆ ವ್ಯತ್ಯಾಸದ ಹಣ ಕಟ್ಟಬೇಕು. ನಾನು ಪ್ರತಿ ಸಂಬಳದಲ್ಲೂ ಒಂದು ಪಾಲು ಬೇರೆ ಖಾತೆಗೆ ಹಾಕಿ ಅದನ್ನು ಮರೆತುಬಿಡುತ್ತೇನೆ. ಎರಡೂ ದೇಶದ ಕಾಗದ ಗೊತ್ತಿರುವ ಅಕೌಂಟೆಂಟ್ ವಿಂಡ್ಸರ್‌ನಲ್ಲಿ ಸುಲಭವಾಗಿ ಸಿಗುತ್ತಾರೆ. ಈ ಊರಲ್ಲಿ ಇದೇನು ಅಪರೂಪದ ವಿಷಯ ಅಲ್ಲ, ಇಲ್ಲಿನ ಸಾವಿರಕ್ಕೂ ಹೆಚ್ಚು ನರ್ಸ್‌ಗಳು, ಆಸ್ಪತ್ರೆ ಸಿಬ್ಬಂದಿ ಡೆಟ್ರಾಯಿಟ್ ಕಡೆ ಕೆಲಸ ಮಾಡುತ್ತಾರೆ.

ಪೌರತ್ವಕ್ಕೆ ಐದು ವರ್ಷದಲ್ಲಿ 1,095 ದಿನ ಕೆನಡಾದಲ್ಲಿ ಇರಬೇಕು. ದಿನಾ ದೇಶ ಬಿಟ್ಟು ಹೋಗುವವಳಿಗೆ ಇದು ಹೇಗೆ ಅಂತ ನನಗೆ ದೊಡ್ಡ ಚಿಂತೆ ಇತ್ತು. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಆ ದಿನ ಕೆನಡಾದ ದಿನವೇ. ರಾತ್ರಿ ಆ ಕಡೆ ಉಳಿದರೆ ಮಾತ್ರ ನಿಗಾ ಇಡಬೇಕು. ಡೈರಿಯಲ್ಲಿ ಬರೆದಿಟ್ಟೆ.

ಸೇತುವೆ ಯಾರು ಮುಚ್ಚುತ್ತಾರೆ ಅಂದಿದ್ದೆನಲ್ಲ. 2020ರ ಮಾರ್ಚ್ 21ಕ್ಕೆ ಗಡಿಯನ್ನೇ ಮುಚ್ಚಿದರು. ಕೆಲಸಕ್ಕೆ ಹೋಗುವವರಿಗೆ ಬಿಡುತ್ತಿದ್ದರು, ಮಿಕ್ಕವರಿಗೆ ಇಲ್ಲ. ಅಮೆರಿಕ ತನ್ನ ಕಡೆ ಭೂಗಡಿಯನ್ನು ಲಸಿಕೆ ಹಾಕಿಸಿಕೊಂಡವರಿಗೆ ತೆರೆದದ್ದು 2021ರ ನವೆಂಬರ್ 8ಕ್ಕೆ. ನನ್ನ ಆಫೀಸೇ ಮನೆಗೆ ಬಂತು, ಅದರ ಜೊತೆ ಮನೆಯಲ್ಲಿ ದುಡಿದ ದಿನ ಯಾವ ದೇಶದ ಲೆಕ್ಕ ಅನ್ನುವ ತೆರಿಗೆ ಪ್ರಶ್ನೆಯೂ ಬಂತು. ನಮಗೆ ಹೆಚ್ಚು ತಟ್ಟಿದ್ದು ಬೇರೆಯದು. ವಿಂಡ್ಸರ್‌ನಲ್ಲಿ ಕನ್ನಡದವರು ಕಡಿಮೆ. ಯುಗಾದಿ, ರಾಜ್ಯೋತ್ಸವ ಅಂದರೆ ನಮಗೆ ಮಿಷಿಗನ್‌ನ ಪಂಪ ಕನ್ನಡ ಕೂಟ, ಸೋನಾ ಮಸೂರಿ ಮೂಟೆ ಅಂದರೆ ಕ್ಯಾಂಟನ್, ನೋವೈ ಕಡೆಯ ಅಂಗಡಿ. ಅಷ್ಟೂ ದಿನ ನದಿಯಾಚೆ ಕಾಣುವ ಊರಿಗೆ ಹೋಗಲಾಗದೆ, ಕನ್ನಡ ಮಾತಾಡಲು ನಾಲ್ಕು ಗಂಟೆ ದೂರದ ಟೊರೊಂಟೊ ಕಡೆ ನೋಡುವಂತಾಯಿತು. 2022ರ ಫೆಬ್ರುವರಿಯಲ್ಲಿ ಲಾರಿ ಪ್ರತಿಭಟನೆಯವರು ಅಂಬಾಸಡರ್ ಬ್ರಿಡ್ಜ್‌ಗೆ ಹೋಗುವ ದಾರಿಯನ್ನೇ ಸುಮಾರು ವಾರ ಅಡ್ಡಗಟ್ಟಿದರು. ಆಗ ಸುರಂಗದಿಂದ ಹೋದೆ. ದಾಟುವ ದಾರಿ ಎರಡಿರುವ ಊರು ನೋಡಿ ಅಂತ ಹೇಳುವುದು ಇದಕ್ಕೇ.

ದಿನಸಿಯ ವಿಷಯಕ್ಕೆ ಎರಡು ಮಾತು. ಅದೇ ದಿನ ಹೋಗಿ ಅದೇ ದಿನ ಬಂದರೆ ಸುಂಕದ ರಿಯಾಯಿತಿ ಏನೂ ಇಲ್ಲ. 24 ಗಂಟೆ ಆಚೆ ಇದ್ದರೆ 200 ಡಾಲರ್, 48 ಗಂಟೆ ಇದ್ದರೆ 800. ಆ ಕಡೆ ಗೆಳತಿಯ ಮನೆಗೆ ಊಟಕ್ಕೆ ಹೋಗುವಾಗ ಹಿತ್ತಲಿನ ಕರಿಬೇವು ಕಿತ್ತುಕೊಂಡು ಹೋಗಬೇಡಿ. ಹಸಿ ಸೊಪ್ಪು ಇದ್ದರೆ ಹೇಳಲೇಬೇಕು, ಹೇಳಿದರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಅಪ್ಪ ಅಮ್ಮನನ್ನು ಕರೆಸುವ ಯೋಚನೆ ಇದ್ದರೆ ಗಡಿ ಊರಿನ ಈ ತೊಡಕನ್ನು ಮೊದಲೇ ನೋಡಿಕೊಳ್ಳಿ. ಡೆಟ್ರಾಯಿಟ್‌ನ ದೊಡ್ಡ ವಿಮಾನ ನಿಲ್ದಾಣ ನಮ್ಮ ಮನೆಯಿಂದ ಬಲು ಹತ್ತಿರ. ಆದರೆ ಅತ್ತೆ ಮಾವ ಬರುವುದು ಅಪ್ಪ ಅಮ್ಮಂದಿರಿಗೆ ಕೆನಡಾ ಕೊಡುವ ಸೂಪರ್ ವೀಸಾದಲ್ಲಿ, ಅಮೆರಿಕದ ವೀಸಾ ಇಲ್ಲ. ಅವರು ಟೊರೊಂಟೊದಲ್ಲೇ ಇಳಿಯಬೇಕು. ಹಾಸನದಿಂದ ಹೊರಟು ಅಷ್ಟು ಹೊತ್ತು ಕೂತು ಬಂದ ಎಪ್ಪತ್ತರ ಮಂಡಿಗಳಿಗೆ 401 ಹೆದ್ದಾರಿಯಲ್ಲಿ ಮತ್ತೆ ನಾಲ್ಕು ಗಂಟೆ. ದಾರಿಯಲ್ಲಿ ಸಿಗುವ ಒಂಟಾರಿಯೊದ ಲಂಡನ್ ಊರಿನ ಹತ್ತಿರ ನಿಲ್ಲಿಸಿ, ಫ್ಲಾಸ್ಕ್‌ನ ಕಾಫಿ ಕೊಟ್ಟು, ಒಂದು ಸುತ್ತು ನಡೆಸಿ ಕರೆದುಕೊಂಡು ಬರುತ್ತೇವೆ. ಅವರು ಇಲ್ಲಿರುವಷ್ಟು ದಿನ ನಾವೂ ಡೆಟ್ರಾಯಿಟ್ ಕಡೆ ತಲೆ ಹಾಕುವುದಿಲ್ಲ.

2023ರಲ್ಲಿ ಪೌರತ್ವ ಬಂತು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡ್ ಮಾಡಿಸಿಕೊಂಡೆವು. ಆ ಸಂಕಟ ಬೇರೆಯೇ, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಎಚ್-1ಬಿ ಬಿಟ್ಟು ಟಿಎನ್‌ಗೆ ಬದಲಾದೆ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಅನ್ನುವ ಸುದ್ದಿ ಬಂದಾಗ, ಹಳೇ ವೀಸಾ ಇರುವವರಿಗೆ ಇದು ಇಲ್ಲ ಅಂತ ಮರುದಿನ ಸ್ಪಷ್ಟವಾಗುವವರೆಗೂ, ನಮ್ಮ ಬೀದಿಯ ಇಬ್ಬರು ಸೋಮವಾರ ಕೆಲಸಕ್ಕೆ ದಾಟುವುದೋ ಬೇಡವೋ ಅಂತ ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಮಗಳು ಈಗ ಒಂಟಾರಿಯೊದಲ್ಲೇ ಓದುತ್ತಿದ್ದಾಳೆ, ಇಲ್ಲಿಯ ಮಕ್ಕಳ ಫೀಸಿನಲ್ಲೇ.

ಅಮೆರಿಕದ ಸುಂಕ ಶುರುವಾದ ಮೇಲೆ ಪೆಟ್ಟು ಬಿದ್ದದ್ದು ನನ್ನ ಕೆಲಸಕ್ಕಲ್ಲ, ಇವರದಕ್ಕೆ. 2025ರ ಏಪ್ರಿಲ್‌ನಿಂದ ಕಾರಿನ ಮೇಲೆ 25 ಶೇಕಡಾ ಸುಂಕ ಬಂತು, ಮೋಲ್ಡ್ ಶಾಪ್‌ಗಳಿಗೆ ಹೊಸ ಆರ್ಡರ್ ನಿಂತಿತು. ದೇಶದಲ್ಲೇ ನಿರುದ್ಯೋಗ ಜಾಸ್ತಿ ಇರುವ ಊರುಗಳಲ್ಲಿ ವಿಂಡ್ಸರ್ ಒಂದಾಯಿತು. ಇವರ ಶಾಪ್‌ನಲ್ಲಿ ಈಗ ವಾರಕ್ಕೆ ನಾಲ್ಕೇ ದಿನ ಕೆಲಸ. ಸೇತುವೆ ಮುಚ್ಚಿದರೆ ಇವರ ಸಂಬಳ ಅಂತ ಹಾಕಿದ್ದ ಲೆಕ್ಕ ಉಲ್ಟಾ ಆಗಿ, ಆ ಕಡೆಯ ನನ್ನ ಸಂಬಳದಲ್ಲಿ ಮನೆ ನಡೆಯುತ್ತಿದೆ. ಶುಕ್ರವಾರ ರಜೆಯಲ್ಲಿ ಇವರು ಚಾಟಮ್, ಲಂಡನ್ ಕಡೆಯ ಶಾಪ್‌ಗಳಿಗೆ ಅರ್ಜಿ ಕಳಿಸುತ್ತಾರೆ. ಊರು ಬಿಡುವ ಮಾತು ಇಬ್ಬರೂ ಇನ್ನೂ ಎತ್ತಿಲ್ಲ.